ಕೆತಿಲ ಕೂಗಿದ ಹೆಸರು

ಸ್ಕೋರ ದ್ವೀಪದ ಕೆತಿಲ ಎಂದರೆ ಎಯ್ವಿಂದನ ಮಗ. ಆ ಎಯ್ವಿಂದ ಕೆತಿಲನ ಮಗ, ಆ ಕೆತಿಲ ಎಯ್ವಿಂದನ ಮಗ, ಆ ಎಯ್ವಿಂದ ಮತ್ತೊಬ್ಬ ಕೆತಿಲನ ಮಗ. ನಮ್ಮ ಐಸ್‌ಲ್ಯಾಂಡಿನ ಪಡುವಣ ಕೊಲ್ಲಿಯಲ್ಲಿ ದ್ವೀಪಗಳನ್ನು ಎಣಿಸಿ ಮುಗಿಸಿದವರಿಲ್ಲ. ಆದರೆ ಸ್ಕೋರದ ಮನೆಯ ಹಿರಿಮಕ್ಕಳ ಹೆಸರುಗಳನ್ನು ಎಣಿಸುವುದಕ್ಕೆ ಎರಡೇ ಬೆರಳು ಸಾಕಾಗಿತ್ತು.

ಮೊದಲ ಕೆತಿಲ ಗಬ್ಬದ ಹಸುವೊಂದನ್ನು ನಡುಚಳಿಗಾಲದಲ್ಲಿ ಹುಟ್ಟು ಹಾಕುವ ದೋಣಿಯಲ್ಲಿ ದ್ವೀಪಕ್ಕೆ ತಂದವನು. ದೋಣಿ ಹೊಯ್ದಾಡುವಾಗ ಹಸು ಬೆದರಿ ಏಳದಿರಲೆಂದು ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಜೋಗುಳ ಹಾಡಿದನಂತೆ. ದಡ ಸೇರುವಷ್ಟರಲ್ಲಿ ಹಸುವಿಗೂ ನಿದ್ದೆ, ಹುಟ್ಟು ಹಾಕುತ್ತಿದ್ದವರಲ್ಲಿ ಒಬ್ಬನಿಗೂ ನಿದ್ದೆ. ಅವನ ಮಗ ಎಯ್ವಿಂದ ಕೊಲ್ಲಿಯೆಲ್ಲ ಹೆಪ್ಪುಗಟ್ಟಿದ ವರ್ಷ, ಸತ್ತುಹೋದ ಅತ್ತೆಯ ಮಣ್ಣಿಗೆಂದು ಹಿಮದ ಮೇಲೆ ದೋಣಿ ಎಳೆದುಕೊಂಡು ಹೋಗಿ ಪಾದ್ರಿಯನ್ನು ಕರೆತಂದ. ಪಾದ್ರಿ ಹೊಸ್ತಿಲು ದಾಟುವಾಗ ಅತ್ತೆ ಎದ್ದು ಕುಳಿತು ಕಾಫಿ ಕೇಳುತ್ತಿದ್ದಳು. ಮೂರನೆಯವನು, ಮತ್ತೆ ಕೆತಿಲ, ಶಾರ್ಕ್ ಹಿಡಿಯಲು ಹೋಗಿ ಮಂಜಿನಲ್ಲಿ ದಿಕ್ಕು ತಪ್ಪಿ, ಎಲ್ಲೋ ನಾಯಿ ಬೊಗಳಿದ ಕಡೆಗೆ ಹುಟ್ಟು ಹಾಕಿ, ಯಾರದೋ ಮನೆಯ ದಡ ಹತ್ತಿ, ಆ ಮನೆಯ ಮಗಳನ್ನೇ ಮದುವೆಯಾಗಿ ಬಂದ. ಅವನ ಮಗ ಎಯ್ವಿಂದನ ಕಾಲದಲ್ಲಿ ಹೋಬಳಿಯವರು ದಿಕ್ಕಿಲ್ಲದ ಮಕ್ಕಳನ್ನು ಕಡಿಮೆ ಕೂಲಿಗೆ ಸಾಕಲು ಒಪ್ಪುವವರ ಮನೆಗೆ ಹಂಚುತ್ತಿದ್ದರು. ಎಯ್ವಿಂದ ಆ ಸಭೆಯಲ್ಲಿ ಎದ್ದು, "ನಿಮ್ಮ ಕೂಲಿ ನೀವೇ ಇಟ್ಕೊಳಿ, ಹುಡುಗನ್ನ ಕೊಡಿ" ಎಂದು ಒಬ್ಬ ಚಿಕ್ಕ ಹುಡುಗನನ್ನು ಕೈ ಹಿಡಿದು ಕರೆತಂದ. ಆ ಹುಡುಗನ ಹೆಸರು ಲೀದುರ. ಅವನು ಸಾಯುವವರೆಗೆ ಸ್ಕೋರದ ಮನೆಯಲ್ಲೇ ಆಳಾಗಿ ದುಡಿದ. ಮದುವೆ ಇಲ್ಲ, ಮಕ್ಕಳಿಲ್ಲ.

ನಮ್ಮ ಕೆತಿಲ ಈ ಸಾಲಿನ ಐದನೆಯವನು. ಕೊಲ್ಲಿಯ ಜನರನ್ನು ದ್ವೀಪದಿಂದ ದ್ವೀಪಕ್ಕೆ ದಾಟಿಸುವುದು ಅವನ ಕಸುಬು. ಸೂಲಗಿತ್ತಿ, ಡಾಕ್ಟರು, ಮದುವಣಗಿತ್ತಿ, ಹೆಣ, ಎಲ್ಲರೂ ಅವನ ದೋಣಿಯಲ್ಲಿ ಕೂತವರೇ. ಚಳಿಗಾಲ ಬಂತೆಂದರೆ ತೆಂಕಣ ಕರಾವಳಿಗೆ ಮೀನು ಹಿಡಿಯಲು ಹೊರಟು, ಬೇಸಗೆಯ ಹಕ್ಕಿಗಳ ಜೊತೆ ಮನೆಗೆ ಮರಳುತ್ತಿದ್ದ. ಹೆಂಡತಿ ಬೇಗ ತೀರಿಕೊಂಡಳು. ಒಬ್ಬನೇ ಮಗ, ಹೆಸರು ಬೇರೆ ಹೇಳಬೇಕಾಗಿಲ್ಲ, ಎಯ್ವಿಂದ.

ಈ ಮಗ ತನ್ನನ್ನು ಮೀರಿಸುವ ದೋಣಿಗಾರನಾಗಬೇಕೆಂದು ಕೆತಿಲ ಆಸೆಪಟ್ಟ. ಮಗನಿಗೆ ದೋಣಿ ಹತ್ತಿದರೆ ವಾಂತಿ. ದಡಕ್ಕೆ ಕಟ್ಟಿದ ದೋಣಿಯಲ್ಲೂ ಮುಖ ಹಸಿರಾಗುತ್ತಿತ್ತು. ಸರಿ, ದೋಣಿಗಾರ ಬೇಡ, ಓದಿ ಪಾದ್ರಿಯಾಗಲಿ ಎಂದ. ಮಗ ಕುರಿ, ಹಸು, ಐಡರ್ ಬಾತುಗಳ ಗೂಡು ನೋಡಿಕೊಂಡು ಮನೆಯಲ್ಲೇ ಉಳಿದ. ಸರಿ, ಗಟ್ಟಿ ಕೆಲಸದ ಸೊಸೆಯಾದರೂ ಬರಲಿ ಎಂದ. ಬಂದವಳು ಒಳನಾಡಿನ ಸ್ಟೇನ್ವೋರ್, ಕಡ್ಡಿಯಂಥ ಹುಡುಗಿ. ಕೆಲಸದಲ್ಲಿ ಮಾತ್ರ ಮಾವನನ್ನೂ ಓಡಿಸಿದಳು. ಹೀಗೆ ಒಂದೊಂದೇ ಆಸೆಯನ್ನು ಕೆತಿಲ ಗೊಣಗುತ್ತಲೇ ಕೈಬಿಟ್ಟ. ಯಜಮಾನಿಕೆಯನ್ನೂ ಮಗನಿಗೆ ಒಪ್ಪಿಸಿ, ಕಡಲು ಕಾಣುವ ಮೂಲೆಯ ಕೋಣೆಗೆ ಪೆಟ್ಟಿಗೆ ಸಾಗಿಸಿಕೊಂಡ. ಒಂದನ್ನು ಮಾತ್ರ ಬಿಡಲಿಲ್ಲ. ಹುಟ್ಟುವ ಮೊಮ್ಮಗ ಕೆತಿಲ ಆಗಬೇಕು.

ಹುಟ್ಟಿದ್ದು ಹೆಣ್ಣು. ಆಮೇಲೆ ಇನ್ನೊಂದು ಹೆಣ್ಣು. ಮತ್ತೂ ಒಂದು ಹೆಣ್ಣು. ಮೂವರೂ ಅಜ್ಜನ ಗಡ್ಡ ಜಡೆ ಹೆಣೆಯುವಷ್ಟು ಸಲಿಗೆಯವರು. ಅವನಿಗೂ ಅವರೆಂದರೆ ಜೀವ. ಆದರೂ ಪ್ರತಿ ಸಲ ತೊಟ್ಟಿಲು ಒಳಗೆ ಬಂದಾಗ ಅವನು ಇಣುಕಿ, "ಚೆನ್ನಾಗಿದೆ, ಚೆನ್ನಾಗಿದೆ" ಎಂದು ಎರಡು ಸಲ ಹೇಳುತ್ತಿದ್ದ. ಒಂದೇ ಸಲ ಹೇಳಿದ್ದರೆ ಸ್ಟೇನ್ವೋರ್ ನಂಬುತ್ತಿದ್ದಳೋ ಏನೋ.

ನಾಲ್ಕನೆಯದು ಗಂಡಾಯಿತು. ಕೆತಿಲ ಅವತ್ತು ತೊಟ್ಟಿಲಿಗೆ ಇಣುಕಿ ಒಂದೇ ಸಲ "ಚೆನ್ನಾಗಿದೆ" ಎಂದು, ಸೀದಾ ದೋಣಿ ಹತ್ತಿ ಪಕ್ಕದ ದ್ವೀಪದ ಗ್ರೋವಾಳ ಮನೆಗೆ ಹೋದ. ಗ್ರೋವಾ ಅವನ ಓರಗೆಯವಳು, ವಿಧವೆ, ಕೊಲ್ಲಿಯಲ್ಲಿ ಅವಳ ನಾಲಿಗೆಗೆ ಹೆದರದವರಿಲ್ಲ.

"ಕೆತಿಲ ಬಂದಿದಾನೆ ಗ್ರೋವಾ!" ಎಂದ ಬಾಗಿಲಲ್ಲೇ.

"ಕಾಣ್ತಿದೆಯಲ್ಲ. ಒಳಗೆ ಬಾ."

"ನಾನಲ್ಲ ಕಣೇ. ಚಿಕ್ಕ ಕೆತಿಲ."

ಗ್ರೋವಾ ಕಾಫಿಪಾತ್ರೆ ಕೆಳಗಿಟ್ಟು ಅವನ ಬಾಯಿ ಮುಚ್ಚುವಂತೆ ಕೈ ಎತ್ತಿದಳು. ನಮ್ಮಲ್ಲಿ ಪಾದ್ರಿ ಮಗುವಿನ ತಲೆಗೆ ನೀರು ಹಾಕಿ ಹೆಸರಿಡುವವರೆಗೆ ಆ ಹೆಸರು ಹೆತ್ತವರ ತುಟಿ ದಾಟಬಾರದು. ಅಜ್ಜ ಅಜ್ಜಿಯರಿಗೂ ಹೇಳುವಂತಿಲ್ಲ, ಅವರು ಕೇಳುವಂತೆಯೂ ಇಲ್ಲ. "ಥೂ ನಿನ್ನ! ಬಾಯಿಗೆ ಬೀಗ ಇಲ್ವೇನೋ ನಿಂಗೆ? ಅವರು ಹೇಳಿದ್ರಾ?"

"ಹೇಳೋದೇನಿದೆ ಅದರಲ್ಲಿ? ಸೂರ್ಯ ಯಾವ ಕಡೆ ಹುಟ್ತಾನೆ ಅಂತ ಯಾರಾದ್ರೂ ಹೇಳ್ತಾರಾ?"

ಜೂನ್ ತಿಂಗಳಲ್ಲಿ ಪಾದ್ರಿ ದ್ವೀಪಗಳ ಸುತ್ತು ಬರುವಾಗ ಮನೆಯಲ್ಲೇ ನೀರು ಹಾಕಿಸುವುದೆಂದು ಗೊತ್ತಾಯಿತು. ಅದಕ್ಕೆ ಸ್ವಲ್ಪ ಮೊದಲು ಎಯ್ವಿಂದ ಅಪ್ಪನ ಕೋಣೆಗೆ ಬಂದು, ಟೋಪಿ ಕೈಯಲ್ಲಿ ತಿರುಗಿಸುತ್ತ, "ಅಪ್ಪ, ಅವತ್ತು ಮಗೂನ ನೀನೇ ಎತ್ಕೊಂಡು ನಿಂತ್ಕೋಬೇಕು" ಎಂದ. ನೀರು ಬೀಳುವಾಗ ಮಗುವನ್ನು ಎತ್ತಿ ಹಿಡಿಯುವುದು ದೊಡ್ಡ ಮರ್ಯಾದೆ. ಮಗುವಿಗೆ ಯಾರ ಹೆಸರಿಡುತ್ತಾರೋ ಅವರಿಗೇ ಆ ಮರ್ಯಾದೆ ಸಲ್ಲುವುದು ಸಾಮಾನ್ಯ. ಕೆತಿಲನಿಗೆ ಇನ್ನು ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಮಗ ಮತ್ತೂ ಏನೋ ಹೇಳಲು ಬಾಯಿ ತೆರೆದಿದ್ದ. ಆದರೆ ಅಪ್ಪ ಆಗಲೇ ಕನ್ನಡಿ ತೆಗೆದು ಗಡ್ಡ ನೋಡಿಕೊಳ್ಳುತ್ತಿದ್ದ, ಅದೂ ಸಿಳ್ಳೆ ಹಾಕಿಕೊಂಡು. ಎಯ್ವಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದ.

ಆ ದಿನ ಕಡಲು ಹಾಲಿಟ್ಟ ತಟ್ಟೆಯಂತಿತ್ತು. ಸುತ್ತಲ ದ್ವೀಪಗಳಿಂದ ದೋಣಿಗಳು ಬಂದವು. ಅಡುಗೆಮನೆಯಲ್ಲಿ ಸಕ್ಕರೆ ಉದುರಿಸಿ ಸುತ್ತಿದ ತೆಳುದೋಸೆಗಳ ಗುಡ್ಡೆ, ಹೊಗೆಯಲ್ಲಿ ಒಣಗಿಸಿದ ಕುರಿಮಾಂಸ, ಎರಡು ದೊಡ್ಡ ಪಾತ್ರೆ ಕಾಫಿ. ಜನ ಕೋಣೆಯಲ್ಲಿ ಒತ್ತಿಕೊಂಡು ನಿಂತರು. ಪಾದ್ರಿ ಬಟ್ಟಲಿನ ಮುಂದೆ ನಿಂತ. ಕೆತಿಲ ಹಳೆಯ ಕರಿಕೋಟಿನಲ್ಲಿ, ಬಿಳಿ ಅಂಗಿ ತೊಡಿಸಿದ ಮಗುವನ್ನು ಎದೆಗೆ ಒತ್ತಿಕೊಂಡು, ಬಿರುಗಾಳಿಯಲ್ಲಿ ಚುಕ್ಕಾಣಿ ಹಿಡಿದವನ ಗತ್ತಿನಲ್ಲಿ ನಿಂತಿದ್ದ. ಮಗು ಅವನ ಗಡ್ಡ ಹಿಡಿದು ಎಳೆಯಿತು. ಅವನು ಅಲುಗಾಡಲಿಲ್ಲ.

ಹಾಡು ಮುಗಿಯಿತು. ಪಾದ್ರಿ ಕೇಳಿದ: "ಮಗುವಿನ ಹೆಸರೇನು?"

ಪಾದ್ರಿ ನೋಡಿದ್ದು ಎಯ್ವಿಂದನ ಕಡೆಗೆ. ಎಯ್ವಿಂದ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಕೆತಿಲ, ಎದುರು ದಡದವರಿಗೆ ಕೇಳಿಸುವಂತೆ, ಕೂಗಿಯೇ ಬಿಟ್ಟ.

"ಕೆತಿಲ!"

ಪಾದ್ರಿ ಕೈಯನ್ನು ನೀರಿನಲ್ಲಿ ಅದ್ದಿದ. ಎಯ್ವಿಂದ ಮುಂದೆ ಬಂದು ಆ ಕೈಯ ಮಣಿಕಟ್ಟು ಹಿಡಿದುಕೊಂಡ. ಎಯ್ವಿಂದನ ಮುಖ ದೋಣಿಯಲ್ಲಿದ್ದಾಗಿನಂತೆ ಹಸಿರಾಗಿತ್ತು. ಕೊನೆಗೆ ಸ್ಟೇನ್ವೋರ್ ಮೆತ್ತಗೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ಲೀದುರ. ಮಗುವಿನ ಹೆಸರು ಲೀದುರ."

ಹಿಂದಿನಿಂದ ಯಾರೋ ಪಿಸುಗುಟ್ಟಿದರು: "ಯಾರು, ಇವರ ಮನೆ ಆಳು ಲೀದುರನ ಹೆಸರಾ?"

ಕೆತಿಲನ ತೋಳುಗಳಲ್ಲೇ ಮಗುವಿನ ತಲೆಯ ಮೇಲೆ ನೀರು ಬಿತ್ತು. ಅವನು ಮಗುವನ್ನು ಬೀಳಿಸಲಿಲ್ಲ, ನಡುಗಲೂ ಇಲ್ಲ. ಪ್ರಾರ್ಥನೆ ಮುಗಿಯುವವರೆಗೆ ನಿಂತು, ಮಗುವನ್ನು ತಾಯಿಯ ಕೈಗೆ ಕೊಟ್ಟು, ಕಾಫಿ ಮುಟ್ಟದೆ ಹೊರಗೆ ಹೋಗಿ ದೋಣಿಮನೆಯಲ್ಲಿ ಕೂತ. ತನ್ನ ಮೊಮ್ಮಗನ ಹೆಸರಿನ ಕಾಫಿಯನ್ನು ಕುಡಿಯದ ಅಜ್ಜನನ್ನು ನಮ್ಮ ಕೊಲ್ಲಿ ಅದೇ ಮೊದಲು ಕಂಡದ್ದು. ಎಯ್ವಿಂದ ಹಿಂದೆಯೇ ಬಂದು, "ಅಪ್ಪ, ಒಂದ್ಮಾತು ಕೇಳು, ಇದಕ್ಕೊಂದು ಕಾರಣ..." ಎಂದ.

"ಕಾರಣ ನಿನ್ನ ಹತ್ರಾನೇ ಇಟ್ಕೋ. ಮಗೂ ನಿಂದು, ಹೆಸರೂ ನಿಂದು."

"ಮೊದಲೇ ಹೇಳಬೇಕಿತ್ತು ನಾನು."

"ಹೇಳಬಾರದು ಅಂತ ಅಲ್ವ ಕಟ್ಟು? ಕಟ್ಟು ಮುರಿದೋನು ನಾನು. ಹೋಗು, ಬಂದೋರನ್ನ ನೋಡ್ಕೋ."

ಆಮೇಲಿನ ದಿನಗಳಲ್ಲಿ ಅವನು ಯಾರ ಮೇಲೂ ರೇಗಲಿಲ್ಲ. ಒಂದೇ ಮನೆ, ಒಂದೇ ಮೇಜು. ಬೆಣ್ಣೆ ಹಚ್ಚಿದ ಒಣಮೀನು ತಿಂದ, ಸಕ್ಕರೆ ಚೂರು ಹಲ್ಲಿನಲ್ಲಿ ಕಚ್ಚಿಕೊಂಡು ಕಾಫಿ ಹೀರಿದ, ಮಗು ಅತ್ತರೆ ಕಾಲಿನಿಂದ ತೊಟ್ಟಿಲು ತೂಗಿದ. ಆದರೆ ಹೆಸರು ಮಾತ್ರ ಅವನ ಬಾಯಿಂದ ಬರಲಿಲ್ಲ. "ಆ ಹುಡುಗ ಎದ್ದಿದಾನೆ." "ಹೊಸಬನಿಗೆ ಹಸಿವಂತೆ." ಮೊಮ್ಮಕ್ಕಳು ಇದನ್ನೇ ಆಟ ಮಾಡಿಕೊಂಡರು.

"ಅಜ್ಜ, ತಮ್ಮನ ಹೆಸರೇನು ಹೇಳು ನೋಡೋಣ."

"ವಯಸ್ಸಾಯ್ತಲ್ಲಮ್ಮ, ಮರೆತೋಗುತ್ತೆ."

"ನಮ್ಮ ಹೆಸರು ನೆನಪಿದೆಯಲ್ಲ?"

"ನೀವು ದಿನಾ ಬಡ್ಕೋತೀರಲ್ಲ ಕಿವೀಲಿ, ಅದಕ್ಕೆ."

ಅವನಿಗೆ ನೋವಾದದ್ದು ಲೀದುರನ ಮೇಲಿನ ಸಿಟ್ಟಿನಿಂದಲ್ಲ. ಲೀದುರನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಒಲೆಯ ಮೇಲೆ ಸಿಟ್ಟು ಮಾಡಿಕೊಂಡಂತೆ. ತಾನು ಚಳಿಗಾಲವಿಡೀ ತೆಂಕಣದಲ್ಲಿದ್ದಾಗ ಎಯ್ವಿಂದ ಲೀದುರನ ಬೆನ್ನ ಮೇಲೆಯೇ ಬೆಳೆದ. ಅವನ ಮೂಗು ಒರೆಸಿದ್ದು, ಅಕ್ಷರ ತಿದ್ದಿಸಿದ್ದು, ಕುರಿಮರಿ ಹಿಡಿಯಲು ಕಲಿಸಿದ್ದು ಲೀದುರನೇ. ಅದು ಕೆತಿಲನಿಗೆ ಗೊತ್ತಿತ್ತು. ಇಷ್ಟು ವರ್ಷವಾದ ಮೇಲೆ ಮಗ ಇಬ್ಬರನ್ನೂ ತಕ್ಕಡಿಯಲ್ಲಿಟ್ಟು ತೂಗಿ, ಊರವರ ಮುಂದೆ ತೂಕ ಹೇಳಿಬಿಟ್ಟ ಎಂದುಕೊಂಡಿದ್ದ. ಅದು ಅವನ ಎದೆಯಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಗ್ರೋವಾ ಒಂದು ದಿನ ಮೊಟ್ಟೆ ಕೊಡುವ ನೆಪದಲ್ಲಿ ಬಂದಳು. "ಏನೋ ಕೆತಿಲಾ, ಇನ್ನೂ ಮೂತಿ ಉದ್ದಾನೇ ಇದೆಯಲ್ಲ? ನೀನು ಬದುಕಿರೋದೇ ತಪ್ಪಾಯ್ತು ಕಣೋ. ಸತ್ತಿದ್ದರೆ ಸೊಸೆ ಕನಸಿಗೆ ಬಂದು ಹೆಸರು ಕೇಳ್ಕೋಬಹುದಿತ್ತು."

"ಕನಸೇ? ಯಾವ ಕನಸು?"

ಗ್ರೋವಾ ಮೊದಲ ಬಾರಿಗೆ ತಬ್ಬಿಬ್ಬಾದಳು. "ಅಯ್ಯೋ ದೇವರೇ, ಇವನಿಗೆ ಹೇಳೇ ಇಲ್ವ! ಊರಿಗೆಲ್ಲ ಗೊತ್ತು" ಎಂದು ಬುಟ್ಟಿ ಇಟ್ಟು ದೋಣಿಯ ಕಡೆ ಓಡಿದಳು.

ಸ್ಟೇನ್ವೋರ್ ಹೊರಗೆ ಬಿಸಿಲಿನಲ್ಲಿ ಬಾತಿನ ತುಪ್ಪಳ ಶುಚಿ ಮಾಡುತ್ತಿದ್ದಳು. ಹೆಣ್ಣುಬಾತು ತನ್ನ ಎದೆಯಿಂದ ಕಿತ್ತು ಗೂಡಿಗೆ ಹಾಸಿದ್ದು ಅದು; ಒಣಗಿಸಿ, ಹುರಿ ಬಿಗಿದ ಚೌಕಟ್ಟಿನ ಮೇಲೆ ತಿಕ್ಕಿದರೆ ಪಾಚಿಯ ಚೂರು, ಮೊಟ್ಟೆಯ ಚಿಪ್ಪು ಕೆಳಗೆ ಉದುರುತ್ತವೆ, ತುಪ್ಪಳ ಮೇಲೆ ಉಳಿಯುತ್ತದೆ. ಕೆತಿಲ ಹೋಗಿ ಅವಳ ಎದುರು ಕೂತು, ತಿಕ್ಕುವ ಕೋಲು ಕೈಗೆ ತೆಗೆದುಕೊಂಡ. ಸ್ವಲ್ಪ ಹೊತ್ತು ಕೆಲಸ ನಡೆಯಿತು.

"ಏನೋ ಕನಸಂತಲ್ಲ" ಎಂದ, ಚೌಕಟ್ಟಿನ ಕಡೆಯೇ ನೋಡುತ್ತ.

"ಹೇಳೋಕೆ ಬಂದರೆ ನೀವು ಎದ್ದು ಹೋಗ್ತೀರಲ್ಲ ಮಾವ."

"ಈಗ ಕೂತಿದೀನಲ್ಲ."

ಸ್ಟೇನ್ವೋರ್ ತುಪ್ಪಳದಿಂದ ಒಂದು ಕಡ್ಡಿ ಆರಿಸಿ ಎಸೆದಳು. "ದಿನ ತುಂಬಿದ ತಿಂಗಳು. ಅಡುಗೆಮನೇಲಿ ಕೂತಿದೀನಿ ಅಂತ ಕನಸು. ಯಾರೋ ಬಂದ್ರು. ವಯಸ್ಸಾದೋರು, ಕುಳ್ಳಗೆ. ಟೋಪಿ ಕೈಲಿ ಹಿಡ್ಕೊಂಡಿದ್ರು. ಬಾಗಿಲ ಪಕ್ಕದಲ್ಲೇ ನಿಂತ್ರು, ನೀರಿನ ಪೀಪಾಯಿ ಇರೋ ಕಡೆ."

"ಅಲ್ಲಿ ಪೀಪಾಯಿ ಇಲ್ವಲ್ಲಮ್ಮ."

"ಕನಸಲ್ಲಿ ಇತ್ತು."

ಕೆತಿಲ ಕೋಲು ನಿಲ್ಲಿಸಿದ. ಅವಳು ಈ ಮನೆಗೆ ಬರುವ ಮುಂಚೆ, ಪಂಪು ಹಾಕಿಸುವ ಮುಂಚೆ, ಅಲ್ಲಿ ಪೀಪಾಯಿ ಇತ್ತು. ಅವಳು ಅದನ್ನೂ ನೋಡಿಲ್ಲ, ಲೀದುರನನ್ನೂ ನೋಡಿಲ್ಲ.

"ಏನಂದ?"

"ಹೆಚ್ಚೇನಿಲ್ಲ. 'ಇಲ್ಲಿ ಕೂತ್ಕೋಬಹುದಾ?' ಅಂದ್ರು. ಅಷ್ಟೆ. ಬೆಳಗ್ಗೆ ಇವರಿಗೆ ಹೇಳಿದೆ. ಇವರು ಕಾಲುಚೀಲ ಹಾಕ್ಕೋತಿದ್ರು. ಒಂದು ಕಾಲಿಗೆ ಹಾಕ್ಕೊಂಡು ಇನ್ನೊಂದು ಕೈಲಿ ಹಿಡ್ಕೊಂಡು ಹಾಗೇ ಕೂತುಬಿಟ್ರು, ಮಾವ. ಅಳ್ತಿದ್ರು. ಮದುವೆಯಾದ ಮೇಲೆ ಅವರು ಅತ್ತಿದ್ದು ನೋಡಿರಲಿಲ್ಲ ನಾನು. 'ಅಪ್ಪನಿಗೆ ಹೇಗೆ ಹೇಳಲಿ, ಅಪ್ಪನಿಗೆ ಹೇಗೆ ಹೇಳಲಿ' ಅಂತ ಅದೊಂದೇ ಮಾತು."

ಸತ್ತವರು ಬಸುರಿಯ ಕನಸಿಗೆ ಬಂದರೆ ಮಗುವಿಗೆ ತಮ್ಮ ಹೆಸರು ಕೇಳಲು ಬಂದರೆಂದೇ ಅರ್ಥ; ಕೊಡದೆ ಕಳಿಸುವುದು ನಮ್ಮಲ್ಲಿಲ್ಲ. ಆದರೆ ಕೆತಿಲನನ್ನು ಹಿಡಿದು ನಿಲ್ಲಿಸಿದ್ದು ಆ ಕಟ್ಟಲ್ಲ, ಆ ಮಾತು. ಹೋಬಳಿಯವರ ಸಭೆಯಿಂದ ಬಂದ ಮೊದಲ ದಿನ ಲೀದುರ ಪೀಪಾಯಿಯ ಪಕ್ಕ ನಿಂತು ಕೇಳಿದ್ದು ಅದನ್ನೇ. ಮರುದಿನವೂ ಕೇಳಿದ. ತಲೆ ನರೆತು ಬೆನ್ನು ಬಾಗಿದ ಮೇಲೂ, ಆ ಮನೆಯ ಒಂದೊಂದು ಕಲ್ಲನ್ನೂ ತಾನೇ ಹೊತ್ತು ಜೋಡಿಸಿದ ಮೇಲೂ, ಪ್ರತಿ ಊಟದ ಹೊತ್ತಿಗೆ ಟೋಪಿ ಕೈಯಲ್ಲಿ ಹಿಡಿದು ಅದನ್ನೇ ಕೇಳಿದ. ಕೆತಿಲನ ಅಪ್ಪ ಪ್ರತಿ ಸಲವೂ "ಕೂತ್ಕೋ ಮಗಾ" ಎನ್ನುತ್ತಿದ್ದ. ಅಪ್ಪ ಹೋದ ಮೇಲೆ ಕೆತಿಲ ಸುಮ್ಮನೆ ತಲೆ ಆಡಿಸುತ್ತಿದ್ದ, ಕೆಲವು ಸಲ ಅದೂ ಇಲ್ಲ. ಹೊರಗಿನವರಿಗೆ ಇದು ಗೊತ್ತಾಗುವಂತಿರಲಿಲ್ಲ. ಊಟದ ಹೊತ್ತಿನ ಮಾತು ಮನೆಯ ಆಚೆ ಯಾಕೆ ಹೋಗುತ್ತದೆ?

"ನೀನೇನಂದೆ?" ಎಂದು ಕೇಳಿದ.

"ಕನಸಿನಲ್ಲಾ? ಬಂದೋರನ್ನ ಯಾರಾದ್ರೂ ನಿಲ್ಲಿಸ್ತಾರಾ ಮಾವ? ಕೂತ್ಕೊಳಿ ಅಂದೆ. ನನ್ನ ಪಕ್ಕದಲ್ಲೇ ಕೂತ್ರು."

ಕೆತಿಲ ಮುಖ ತಿರುಗಿಸಿದ. ಗಾಳಿ ಸ್ವಲ್ಪ ಎದ್ದಿತ್ತು. ತುಪ್ಪಳದ ಎಳೆಯೊಂದು ಅವನ ಗಡ್ಡಕ್ಕೆ ಹತ್ತಿಕೊಂಡಿತು. ಸ್ಟೇನ್ವೋರ್ ಅದನ್ನು ತೆಗೆಯಲು ಕೈ ಚಾಚಿ, ಅವನ ಕಣ್ಣು ನೋಡಿ, ಕೈ ಹಿಂದೆ ತೆಗೆದುಕೊಂಡು ಚೌಕಟ್ಟಿಗೆ ಬಗ್ಗಿದಳು.

ಒಳಗೆ ಮಗು ಎದ್ದು ಅಳತೊಡಗಿತು. ಅವಳು ಏಳುವ ಮೊದಲೇ ಕೆತಿಲ ಎದ್ದ. ತೊಟ್ಟಿಲಿನ ಮೇಲೆ ಬಾಗಿ ನೋಡಿದ. ಇಷ್ಟು ವಾರ ಅವನು ಆ ಮುಖದಲ್ಲಿ ತನ್ನ ಮೂಗನ್ನು, ಅಪ್ಪನ ಹುಬ್ಬನ್ನು, ಸಾಲಿನ ಯಾವ ಕೆತಿಲನದೋ ಗದ್ದವನ್ನು ಹುಡುಕಿದ್ದ. ಈಗ ಕಂಡದ್ದು ಹಸಿದು ಕೆಂಪಾದ ಒಂದು ಮಗು, ಯಾರ ಮೂಗೂ ಇಲ್ಲದ್ದು, ಇನ್ನೂ ಯಾರದೂ ಆಗಿಲ್ಲದ್ದು. ತನಗಾಗಿ ಅದು ಏನೂ ಆಗಬೇಕಾಗಿಲ್ಲ ಎಂಬುದು ಅವನಿಗೆ ಹೊಳೆದದ್ದು ಆಗ. ಮನಸ್ಸಿನಲ್ಲಿ ಏನೋ ಸಡಿಲಾಯಿತು, ಬಿಗಿಯಾದ ಹಗ್ಗವನ್ನು ಗೂಟದಿಂದ ಬಿಚ್ಚಿದ ಹಾಗೆ.

"ಬಾ ಲೀದುರಾ," ಎಂದ, ಎತ್ತಿಕೊಳ್ಳುತ್ತ. "ಬಾ ಮಗಾ."

ಬಾಗಿಲಲ್ಲಿ ಮೊಮ್ಮಕ್ಕಳು ಇಣುಕುತ್ತಿದ್ದರು. "ಅಜ್ಜನಿಗೆ ನೆನಪು ಬಂತೂ!" ಎಂದು ಕಿರುಚಿಕೊಂಡು ಮೂವರೂ ದಡದ ಕಡೆ ಓಡಿದರು.

ಎಯ್ವಿಂದ ಆಗಷ್ಟೇ ಗೂಡು ನೋಡಲು ಹೋದ ದ್ವೀಪಗಳಿಂದ ದೋಣಿಯಲ್ಲಿ ಬಂದಿಳಿದಿದ್ದ; ಎಂದಿನಂತೆ ಮುಖ ಹಸಿರಾಗಿತ್ತು. ಮಕ್ಕಳ ಕೂಗು ಕೇಳಿ, ಒದ್ದೆ ಬೂಟಿನಲ್ಲೇ ಓಡಿಬಂದು, ಕೋಣೆಯ ನಡುವೆ ಮಗುವನ್ನು ಎತ್ತಿಕೊಂಡು ನಿಂತ ಅಪ್ಪನನ್ನು ನೋಡಿ ನಿಂತುಬಿಟ್ಟ. ಸ್ಟೇನ್ವೋರ್ ಹಿಂದೆಯೇ ಬಂದು ಅವನಿಗೆ ಕಣ್ಣಲ್ಲೇ ಹೇಳಿದಳು, ಮಾವನಿಗೆ ಗೊತ್ತಾಗಿದೆ ಎಂದು.

"ಅಪ್ಪ..."

"ಬೂಟು ಬಿಚ್ಚೋ. ನೆಲ ಒದ್ದೆ ಮಾಡ್ತೀಯ."

ಎಯ್ವಿಂದ ಬೂಟು ಬಿಚ್ಚಲಿಲ್ಲ. ವಾರಗಳಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಒಂದೇ ಉಸಿರಿಗೆ ಹೇಳಿದ. "ಅಪ್ಪ, ನಾನು ಪಾದ್ರಿ ಹತ್ರ ಮಾತಾಡಿದೀನಿ. ಎರಡು ಹೆಸರು ಇಡಬಹುದಂತೆ. ಲೀದುರ ಕೆತಿಲ. ಈಗಲೂ ಸೇರಿಸಬಹುದು, ಒಂದು ಕಾಗದ ಬರೆದು ಹಾಕಿದರೆ ಸಾಕಂತೆ. ನಿನ್ನ ಹೆಸರೂ ಉಳಿಯುತ್ತೆ. ನಿನಗೆ ನೋವಾಗಬಾರದು ಅಂತ... ನಾನೇ ಬರೀತೀನಿ, ಇವತ್ತೇ."

ಕೆತಿಲ ಮಗುವನ್ನು ಒಂದು ತೋಳಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡ. ಅದು ಅವನ ಗಡ್ಡದಲ್ಲಿ ಸಿಕ್ಕ ತುಪ್ಪಳವನ್ನು ಹಿಡಿಯಲು ಹೆಣಗುತ್ತಿತ್ತು.

"ಬೇಡ ಕಣೋ," ಎಂದ. "ಅಂಥ ಉಪಕಾರ ಏನೂ ಬೇಡ ನನಗೆ. ಲೀದುರ ಹಾಸಿಗೆ ನನ್ನ ಜೊತೆ ಹಂಚಿಕೊಂಡ, ಅವನ ತಲೆ ಇದ್ದ ಕಡೆ ನನ್ನ ಕಾಲು. ಊಟ ನಿನ್ನ ಜೊತೆ ಹಂಚಿಕೊಂಡ. ಅವನು ಹಾಕಿದ್ದ ಕೋಟು ನಮ್ಮಪ್ಪಂದು, ಬೂಟು ನಂದು. ಸತ್ತ ಮೇಲೂ ನಮ್ಮವರ ಸಾಲಿನ ತುದೀಲಿ ಒತ್ತರಿಸಿ ಮಲಗಿಸಿದೀವಿ. ಈಗ ಬಂದು ಒಂದು ಜಾಗ ಕೇಳಿದಾನೆ. ಅದರಲ್ಲೂ ಅರ್ಧ ನನಗೆ ಬಿಡು ಅನ್ನೋಕೆ ನನಗೆ ನಾಚಿಕೆ ಬೇಡ್ವ? ಪಾದ್ರಿಗೆ ಏನೂ ಬರೀಬೇಡ. ಈ ಹೆಸರಲ್ಲಿ ಅವನೊಬ್ಬನೇ ಇರಲಿ, ಕಾಲು ಚಾಚ್ಕೊಂಡು."